ಲಂಡನ್ನಿಗೆ ತೊಳೆದು ಕಳಿಸಿದ ಕಲ್ಲು

ಸ್ಯಾನ್ ಡಿಯೇಗೋದ ಯಾವ ಕನ್ನಡ ಕೂಟಕ್ಕೆ ಹೋದರೂ ಮುಕ್ಕಾಲು ಪಾಲು ಜನ ಸಾಫ್ಟ್‌ವೇರು, ಉಳಿದವರು ಟೆಲಿಕಾಂ. ನೀವೇನು ಮಾಡುತ್ತೀರಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಇವಳದ್ದು ರದ್ದಿ ಪೇಪರ್ ಓದುವ ಕೆಲಸ" ಎಂದು ಹೇಳಿ ಮುಗಿಸುತ್ತಿದ್ದರು. ಕೇಳಿದವರು ಪಾಪ, ಮುಂದೇನು ಮಾತಾಡುವುದೆಂದು ತಿಳಿಯದೆ ಬಿಸಿಬೇಳೆಬಾತಿನ ಕಡೆಗೆ ನಡೆಯುತ್ತಿದ್ದರು. ಈಗ ನಾನು ನಿವೃತ್ತಳು. ನನ್ನ ಕುರ್ಚಿಗೆ ಬಂದ ಮೈಸೂರಿನ ಹುಡುಗಿ ಮೊನ್ನೆ ಫೋನ್ ಮಾಡಿ, ಈ ಕೆಲಸದಲ್ಲಿ ಕಲಿಯಬೇಕಾದ್ದು ಏನು ಎಂದು ಕೇಳಿದಳು. ಟ್ರೇನಿಂಗ್ ವಿಡಿಯೋದಲ್ಲಿ ಏನೇನು ಇಲ್ಲವೋ ಅದೆಲ್ಲ ಎಂದೆ. ಅವಳು ನಕ್ಕಳು, ಆದರೆ ನಾನು ತಮಾಷೆ ಮಾಡಿರಲಿಲ್ಲ. ಹಾಗಾಗಿ ಇದನ್ನು ಬರೆಯಲು ಕೂತಿದ್ದೇನೆ.

ಕೆಲಸ ಇಷ್ಟೇ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿ ಇಡೀ ಸಾಮ್ರಾಜ್ಯಕ್ಕೆ ಸೇರಿದ ಒಂದು ದೊಡ್ಡ ಸಂಸ್ಥೆಯಿತ್ತು. ಮದರಾಸೋ, ಸಿಲೋನೋ, ಆಫ್ರಿಕದ ಯಾವುದೋ ಮೂಲೆಯೋ, ಪ್ರತಿಯೊಂದು ವಸಾಹತಿನ ಸರ್ಕಾರವೂ ತನ್ನಲ್ಲಿ ಏನು ಬೆಳೆಯುತ್ತದೆ, ಅಗೆದರೆ ಏನು ಸಿಗುತ್ತದೆ, ಏನೇನು ಹಡಗು ಹತ್ತುತ್ತದೆ ಎಂದು ಅಲ್ಲಿಗೆ ತಿಳಿಸುತ್ತಿತ್ತು. ಬರೀ ಬರಹ ಸಾಲದು, ಮಾದರಿಯೂ ಬೇಕು: ಒಂದು ಚೀಲ ನಾರು, ಒಂದು ಡಬ್ಬಿ ಅಂಟು, ಒಂದು ಪೆಟ್ಟಿಗೆ ಕಲ್ಲು. ಅಲ್ಲಿನ ಪಂಡಿತರು ಅದನ್ನು ಕುಟ್ಟಿ, ಕರಗಿಸಿ, ಸುಟ್ಟು ನೋಡಿ, ಇದು ವ್ಯಾಪಾರಕ್ಕೆ ಆದೀತು, ಇದು ಆಗಲಿಕ್ಕಿಲ್ಲ ಎಂದು ವರದಿ ಬರೆಯುತ್ತಿದ್ದರು. ಸಾಮ್ರಾಜ್ಯ ಹೋಯಿತು, ವರದಿಗಳು ಉಳಿದವು. ಈಗ ಬ್ಯಾಟರಿಗೆ, ಉಪಗ್ರಹಕ್ಕೆ ಬೇಕಾದ ಖನಿಜ ಹುಡುಕುವವರಿಗೆ ಅವುಗಳ ಮೇಲೆ ಮತ್ತೆ ಪ್ರೀತಿ ಬಂದಿದೆ. ಯಾರೋ ಆಗಲೇ ಅಗೆದು ನೋಡಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ವರದಿಗಳ ಸ್ಕ್ಯಾನ್ ಪ್ರತಿಗಳನ್ನು ಓದಿ, ಯಾವ ಊರಿನಿಂದ ಏನು ಹೋಗಿತ್ತು, ಲಂಡನ್ ಏನೆಂದಿತು ಎಂದು ವಿಂಗಡಿಸಿ ಕೊಡುವುದು ನಮ್ಮ ಕಂಪನಿಯ ಕಸುಬು. ಹೆಡ್ ಆಫೀಸು ಲಾಸ್ ಏಂಜಲಿಸ್ ಕಡೆಯ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. ಓದುವವರಾದ ನಾವು ಸ್ಯಾನ್ ಡಿಯೇಗೋ ಪಕ್ಕದ ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ. ಎಡಕ್ಕೆ ಈಜುಕೊಳದ ಪಂಪ್ ರಿಪೇರಿ, ಬಲಕ್ಕೆ ನಾಯಿಗಳ ಡೇಕೇರ್.

ನಾನು ಸೇರಿದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಹಿಂದೆ ಮಂಗಳೂರಿನಲ್ಲಿ ಗೇರುಬೀಜ ರಫ್ತಿನ ಕಾಗದಪತ್ರ ನೋಡಿಕೊಂಡಿದ್ದ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ನನ್ನ ಜೊತೆಗೇ ಸೇರಿದವನು ರವಿಕಿರಣ, ಬೆಂಗಳೂರಿನ ಹುಡುಗ. ವರದಿಗಳನ್ನು ತಾನೇ ಓದಿ ಸಾರಾಂಶ ಕೊಡುವ ಸಾಫ್ಟ್‌ವೇರ್ ಬರೆಯುವುದು ಅವನ ಕೆಲಸ. ಅದು ಓದಿದ್ದು ಸರಿಯೋ ಎಂದು ನೋಡುವುದು ನನ್ನದು. ಸೊಸೆ ಮಾಡಿದ ಸಾರಿನಲ್ಲಿ ಅತ್ತೆ ಉಪ್ಪು ನೋಡಿದ ಹಾಗೆ. ಮೊದಲ ವಿಡಿಯೋ ಮೀಟಿಂಗಿನಲ್ಲೇ ಅವನು ನನ್ನನ್ನು ಆಂಟಿ ಎಂದ. ಹೆಡ್ ಆಫೀಸಿನಲ್ಲಿರುವ ನಮ್ಮ ಬಾಸ್ ಗ್ರೆಗ್ ಅದೇ ನನ್ನ ಹೆಸರೆಂದು ತಿಳಿದ. ನಾನು ತಿದ್ದುವಷ್ಟರಲ್ಲಿ ಈಮೇಲು, ಬ್ಯಾಡ್ಜು, ಎಲ್ಲದರಲ್ಲೂ ಆಂಟಿ ಎಂದೇ ಬಂದಾಗಿತ್ತು. ನನಗಿಂತ ದೊಡ್ಡವನಾದ ಗ್ರೆಗ್ ಕೊನೆಯವರೆಗೂ ನನ್ನನ್ನು ಆಂಟಿ ಎಂದೇ ಕರೆದ. ಹೇಳಿ ಹೇಳಿ ಸಾಕಾಗಿ ನಾನೂ ಸುಮ್ಮನಾದೆ.

ಸಾಫ್ಟ್‌ವೇರಿನ ಬಾಲಲೀಲೆಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಒಬ್ಬ ಕಲೆಕ್ಟರು ತನ್ನ ವರದಿಯ ಕೊನೆಯಲ್ಲಿ, ಈ ಜಿಲ್ಲೆಯಲ್ಲಿ ಹೇರಳವಾಗಿ ದೊರೆಯುವುದು ಜ್ವರ ಮತ್ತು ಧೂಳು ಮಾತ್ರ ಎಂದು ಗೊಣಗಿಕೊಂಡಿದ್ದ. ಸಾಫ್ಟ್‌ವೇರು ಆ ಜಿಲ್ಲೆಯ ಮುಖ್ಯ ಸಂಪನ್ಮೂಲಗಳಲ್ಲಿ ಜ್ವರವನ್ನು ಒಂದನೆಯದಾಗಿ, ಧೂಳನ್ನು ಎರಡನೆಯದಾಗಿ ಹಾಕಿತು. ನಾನು ಹಿಡಿದು ತೋರಿಸಿದರೆ ರವಿ, "ಟೆಕ್ನಿಕಲಿ ಕರೆಕ್ಟೇ ಅಲ್ವಾ ಆಂಟಿ, ಹೇರಳವಾಗಿದೆ ಅಂತ ಅವ್ನೇ ಬರೆದಿದಾನೆ" ಎಂದ. ಇನ್ನೊಬ್ಬ ಅಧಿಕಾರಿ ಲಂಡನ್ನಿನಿಂದ ಯಾವ ಪ್ರಶ್ನೆ ಬಂದರೂ, "ದಯವಿಟ್ಟು ನಮ್ಮ ಹಿಂದಿನ ಉತ್ತರವನ್ನು ನೋಡುವುದು" ಎಂದು ಬರೆಯುತ್ತಿದ್ದ. ಆ ಹಿಂದಿನ ಉತ್ತರ ತೆಗೆದರೆ ಅದರಲ್ಲೂ ಅದೇ ಮಾತು. ಅದರ ಹಿಂದಿನದರಲ್ಲೂ ಅದೇ. ಸಾಫ್ಟ್‌ವೇರು ಒಂದರಿಂದ ಒಂದಕ್ಕೆ ಹೋಗಿ ಹೋಗಿ ಸುಸ್ತಾಗಿ ನಿಂತುಬಿಟ್ಟಿತು. ನಾನೇ ಕೂತು ತಳಮುಟ್ಟ ಹುಡುಕಿದಾಗ ಸಿಕ್ಕ ಮೊಟ್ಟಮೊದಲ ಉತ್ತರದಲ್ಲಿ, "ವಿವರವಾದ ಉತ್ತರವನ್ನು ಸದ್ಯದಲ್ಲೇ ಕಳಿಸಲಾಗುವುದು" ಎಂದಿತ್ತು. ಮನೆಯಲ್ಲಿ ಇದನ್ನು ಹೇಳಿದರೆ, ಸರ್ಕಾರಿ ಕೆಲಸವೆಂದರೆ ಹೀಗೆ ಮಾಡಬೇಕು ಎಂದು ನಮ್ಮವರು ಆ ಮನುಷ್ಯನಿಗೆ ಕೈ ಮುಗಿದರು.

ಅಳತೆಯದು ಬೇರೆಯೇ ರಗಳೆ. ಗ್ರಾಹಕರಿಗೆ ಎಲ್ಲವೂ ಟನ್ನಿನಲ್ಲಿ ಬೇಕು, ಹಳೆಯ ವರದಿಗಳಲ್ಲಿ ಇರುವುದು ಇಷ್ಟು ಗಾಡಿ, ಇಷ್ಟು ತಲೆಹೊರೆ. ಒಂದು ಗಾಡಿ ಎಂದರೆ ಎಷ್ಟು ಎಂದು ರವಿ ಕೇಳಿದ. ಎತ್ತಿನ ಮೇಲೆ, ರಸ್ತೆಯ ಮೇಲೆ, ಗಾಡಿಯವನ ಮನಸ್ಸಿನ ಮೇಲೆ ಹೋಗುತ್ತದೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಶನಿವಾರ ಟೇಪು ಹಿಡಿದುಕೊಂಡು ಸ್ಯಾನ್ ಡಿಯೇಗೋದ ಓಲ್ಡ್ ಟೌನಿಗೆ ಹೋಗಿ ಅಲ್ಲಿ ನೋಡಲೆಂದು ನಿಲ್ಲಿಸಿದ್ದ ಹಳೆಯ ಮರದ ಗಾಡಿಯನ್ನು ಅಳೆಯತೊಡಗಿದ. ಸೆಕ್ಯೂರಿಟಿಯವನು ಬಂದು ಏನು ಮಾಡುತ್ತಿದ್ದೀಯ ಎಂದು ಕೇಳಿದ. ಆಫೀಸ್ ಕೆಲಸ ಎಂದ ರವಿ. ಸೆಕ್ಯೂರಿಟಿಯವನಿಗೆ ಏನೆನ್ನಿಸಿತೋ, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಇಷ್ಟೆಲ್ಲ ಮಾಡಿ ಲೆಕ್ಕ ಕಳಿಸಿದರೆ ಗ್ರೆಗ್, "ಸುಮ್ಮನೆ ಒಂದು ಗಾಡಿ ಎಂದರೆ ಒಂದು ಪಿಕಪ್ ಟ್ರಕ್ ಎಂದು ಹಾಕಿ" ಎಂದು ಉತ್ತರಿಸಿದ. ಮದರಾಸು ಪ್ರಾಂತ್ಯದ ಎತ್ತುಗಳಿಗೆ ಈ ಸುದ್ದಿ ಮುಟ್ಟಿದ್ದರೆ ಅಂದೇ ಮುಷ್ಕರ ಹೂಡುತ್ತಿದ್ದವು.

ಗ್ರೆಗ್ ಕೆಟ್ಟವನಲ್ಲ. ಅವನಿಗೆ ಆಸೆ ಜಾಸ್ತಿ, ಅಷ್ಟೆ. ಒಂದು ಸಲ ಮದರಾಸು ಪ್ರಾಂತ್ಯದ ಒಂದು ಜಿಲ್ಲೆಯಿಂದ ಲಂಡನ್ನಿಗೆ ಹೋದ ಹುಣಸೆಹಣ್ಣಿನ ವರದಿ ಸಿಕ್ಕಿತು. ಅಲ್ಲಿನ ಪಂಡಿತ ಬೆರಗಾಗಿದ್ದ: ಹಣ್ಣಿನಲ್ಲಿ ಒಂದೇ ಒಂದು ಬೀಜವಿಲ್ಲ, ನಾರಿಲ್ಲ, ಇದು ವಿಶೇಷ ತಳಿಯಿರಬೇಕು, ಹೆಚ್ಚಿನ ವಿವರ ಕಳಿಸಿ ಎಂದು ಬರೆದಿದ್ದ. ಸಾಫ್ಟ್‌ವೇರು ಅದನ್ನು ಅಪರೂಪದ ಸಸ್ಯಗಳ ಸಾಲಿಗೆ ಸೇರಿಸಿತು. ಗ್ರೆಗ್ ಅದನ್ನೋದಿ, ಸ್ಯಾನ್ ಡಿಯೇಗೋದ ತುಂಬ ಹುಣಸೆಹಣ್ಣಿನ ಮೆಕ್ಸಿಕನ್ ಮಿಠಾಯಿ ಮಾಡುವವರಿದ್ದಾರೆ, ಅವರಿಗೆ ಈ ತಳಿಯ ಸುದ್ದಿ ಮಾರೋಣ ಎಂದು ಕುಣಿದಾಡಿದ. ಯಾವುದೋ ತಾಲೂಕು ಕಚೇರಿಯವರು ನಾಲ್ಕು ಹೆಂಗಸರನ್ನು ಕೂರಿಸಿ ಬೀಜ ತೆಗೆಸಿ, ನಾರು ಬಿಡಿಸಿ, ಉಂಡೆ ಕಟ್ಟಿ ಕಳಿಸಿದ್ದಾರೆ ಎಂದು ನಾನು ಹೇಳಬೇಕಾಯಿತು. ರವಿ ನಕ್ಕೂ ನಕ್ಕೂ ಕೆಮ್ಮಿದ. ಅಂದು ನಕ್ಕು ಮರೆತೆವು.

ಇನ್ನು ಶುಕ್ರವಾರದ ಸಂಗತಿ. ಪ್ರತಿ ಶುಕ್ರವಾರ ಪೊವೇಯಿಂದ ವುಡ್‌ಲ್ಯಾಂಡ್ ಹಿಲ್ಸಿಗೆ ವಾರದ ವರದಿ ಹೋಗಬೇಕು. ಪ್ರತಿ ಕೆಲಸದ ಮುಂದೆ ಒಂದು ಬಣ್ಣ: ಚೆನ್ನಾಗಿ ನಡೆದಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಸೇರಿದ ಹೊಸದರಲ್ಲಿ ನಾನು ಒಂದಕ್ಕೆ ಹಳದಿ ಹಾಕಿದೆ. ಐದು ಜನ ಮೇಲಿನವರು ಮೀಟಿಂಗ್ ಕರೆದು ಹಳದಿ ಯಾಕೆ ಎಂದು ಕೇಳಿದರು. ಆ ಮೀಟಿಂಗಿನಿಂದ ಕೆಲಸ ಇನ್ನೂ ತಡವಾಯಿತು. ಅಂದಿನಿಂದ ಪೊವೇ ಕಚೇರಿ ಸದಾ ಹಸಿರು. ವಸಾಹತು ಸರ್ಕಾರಗಳ ಬಗ್ಗೆ ಓದುತ್ತ ಓದುತ್ತ ನಾವೇ ಒಂದು ವಸಾಹತು ಆಗಿದ್ದೆವು. ನಮ್ಮ ಲಂಡನ್ನು ಮಾತ್ರ ನಾನೂರಾ ಐದನೇ ಹೆದ್ದಾರಿಯ ಆಚೆ ಇತ್ತು.

ಈ ಬಣ್ಣಗಳ ನಡುವೆಯೇ ಗ್ರಾಫೈಟಿನ ಪ್ರಕರಣ ಬಂತು. ಪೆನ್ಸಿಲಿನೊಳಗಿನ ಕಪ್ಪು, ಅದೇ ಈಗ ಬ್ಯಾಟರಿಗೆ ಬೇಕು. ನಮ್ಮ ಅತಿ ದೊಡ್ಡ ಗ್ರಾಹಕರು ಎಲ್ ಸೆಗುಂಡೋದಲ್ಲಿ ಬ್ಯಾಟರಿ ಸಾಮಗ್ರಿ ಮಾಡುವ ಒಂದು ಕಂಪನಿ. ಅಲ್ಲಿ ನಮ್ಮ ವ್ಯವಹಾರ ನೋಡುತ್ತಿದ್ದವಳು ಲೊರೇನ್ ಎಂಬಾಕೆ. ರವಿಯ ಸಾಫ್ಟ್‌ವೇರು ಹಳೆಯ ಮದರಾಸು ಪ್ರಾಂತ್ಯದ ಒಂದು ಗುಡ್ಡವನ್ನು ಹುಡುಕಿ ಕೊಟ್ಟಿತು. ಅಲ್ಲಿಂದ ಹೋದ ಗ್ರಾಫೈಟನ್ನು, ಇಷ್ಟು ಶುದ್ಧವಾದದ್ದನ್ನು ಕಂಡೇ ಇಲ್ಲ ಎಂದು ಲಂಡನ್ ಹೊಗಳಿತ್ತು. ಲೊರೇನ್‌ಳ ಕಂಪನಿ ಆ ಗುಡ್ಡದಲ್ಲಿ ಅಗೆಯುವ ಹಕ್ಕಿಗಾಗಿ ಅಲ್ಲಿನ ಪಾಲುದಾರರೊಡನೆ ಮಾತುಕತೆ ಶುರುಮಾಡಿತು. ನಮಗೆ ಕಾಂಟ್ರಾಕ್ಟ್ ಮುಂದುವರಿಯುವುದೂ ಅದರ ಮೇಲೆಯೇ ನಿಂತಿತ್ತು. ಅದು ಹೋದರೆ ರವಿಯ ಕೆಲಸ ಹೋಗುತ್ತದೆ ಎಂದು ಗ್ರೆಗ್ ಮುಚ್ಚುಮರೆಯಿಲ್ಲದೆ ಹೇಳಿದ್ದ. ರವಿಯ ವೀಸಾ ಕೆಲಸಕ್ಕೆ ಕಟ್ಟಿಕೊಂಡದ್ದು, ಆಸ್ಪತ್ರೆಯ ಇನ್ಷೂರೆನ್ಸೂ ಅದರದ್ದೇ. ಹೆಂಡತಿ ತುಂಬು ಗರ್ಭಿಣಿ. ಬಾಣಂತನಕ್ಕೆಂದು ಬೆಂಗಳೂರಿನಿಂದ ಬರಲಿರುವ ತಾಯಿಗೆ ಟಿಕೆಟ್ ಆಗಿತ್ತು. ಅವನ ಮುಖ ನೋಡಿದಾಗಲೆಲ್ಲ ನಾನು ಮನಸ್ಸಿನಲ್ಲೇ ಆ ಗುಡ್ಡಕ್ಕೆ ಒಂದು ಹರಕೆ ಹೊರುತ್ತಿದ್ದೆ.

ಎಲ್ ಸೆಗುಂಡೋದ ಕೊನೆಯ ಮೀಟಿಂಗಿಗೆ ಹತ್ತು ದಿನ ಮುಂಚಿನ ಶನಿವಾರ, ಸ್ವಂತ ಕೆಲಸಕ್ಕೆಂದು ಈ ಕಡೆ ಬಂದಿದ್ದ ಗ್ರೆಗ್ ಪ್ರಿಂಟುಗಳನ್ನು ಕೊಡಲು ನಮ್ಮ ಮನೆಗೆ ಬಂದ. ನಾನು ತರಕಾರಿಗೆ ಹೋಗಿದ್ದೆ. ನಮ್ಮವರು ಕಾಫಿ ಮಾಡಿಕೊಟ್ಟು ಚಕ್ಕುಲಿ ಇಟ್ಟರು. ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮನೆಯಲ್ಲಿ ಚಕ್ಕುಲಿಗೆ ಎರಡು ಡಬ್ಬಿ. ಸುತ್ತು ಮುರಿಯದೆ, ಹದವಾಗಿ ಕೆಂಪಾದವು ಒಂದರಲ್ಲಿ. ಅವು ಆಫೀಸಿಗೆ, ನೆಂಟರಿಗೆ, ಹಬ್ಬಕ್ಕೊಮ್ಮೆ ಅಂಚೆಯಲ್ಲಿ ಗ್ರೆಗ್‌ಗೆ. ಮುರಿದದ್ದು, ಕರಕಲಾದದ್ದು, ಎಣ್ಣೆ ಕುಡಿದದ್ದು ಇನ್ನೊಂದರಲ್ಲಿ, ಅವು ನಮಗೆ. ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ, ಅಮ್ಮನ ಮನೆಯಿಂದಲೇ ಬಂದಿರುತ್ತದೆ. ನಮ್ಮವರು ಇಟ್ಟದ್ದು ಎರಡನೆಯ ಡಬ್ಬಿಯಿಂದ. ಸೋಮವಾರ ಗ್ರೆಗ್ ಫೋನಿನಲ್ಲಿ ಬಹಳ ಮೆದುವಾಗಿ, ಆಂಟಿ, ಕೈನೋವು ಏನಾದರೂ ಇದೆಯೇ, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದ. ನಾನು ಮನೆಗೆ ಫೋನ್ ಮಾಡಿ ನಮ್ಮವರನ್ನು ತರಾಟೆಗೆ ತೆಗೆದುಕೊಂಡರೆ, "ಎಂತ ಮಾರಾಯ್ತಿ, ಹೊಟ್ಟೆಗೆ ಹೋದ ಮೇಲೆ ಎಲ್ಲ ತುಂಡೇ ಅಲ್ವಾ" ಎಂದರು.

ಊಟದ ಹೊತ್ತಿಗೆ ಇನ್ನೂ ಸಿಟ್ಟಿಳಿಯದೆ ರವಿಗೆ ಇದನ್ನೆಲ್ಲ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ಚಮಚ ಕೆಳಗಿಟ್ಟ.

"ಆಂಟಿ, ಹಂಗಾದ್ರೆ ಗ್ರೆಗ್ ಇಷ್ಟು ದಿನ ತಿಂದಿದ್ದು ನಿಮ್ಮ ಮನೆ ಚಕ್ಕುಲಿ ಅಲ್ಲ. ನಿಮ್ಮ ಸ್ಯಾಂಪಲ್ಲು."

"ಎಂತ ಹೇಳ್ತಿ ನೀನು?"

"ಆ ಹುಣಸೆಹಣ್ಣು ಕಳಿಸಿದ್ರಲ್ಲ, ಅದೇ ಜಿಲ್ಲೆ ಆಂಟಿ. ಗ್ರಾಫೈಟ್ ಹೋಗಿರೋದೂ ಅಲ್ಲಿಂದ್ಲೇ."

ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಆ ಜಿಲ್ಲೆಯಿಂದ ಹೋದದ್ದನ್ನೆಲ್ಲ ತೆಗೆದೆವು. ಹತ್ತಿಯಲ್ಲಿ ಕಸವಿಲ್ಲ, ಜೇನುಮೇಣದಲ್ಲಿ ಕೊಳೆಯಿಲ್ಲ, ಗ್ರಾಫೈಟಿನಲ್ಲಿ ಮಣ್ಣಿಲ್ಲ. ಎಲ್ಲದಕ್ಕೂ ಲಂಡನ್ನಿನ ಶಹಬ್ಬಾಸು. ಸಂಸ್ಥೆಯವರು ಪ್ರತಿ ಸಲವೂ, ಒಳ್ಳೆಯದನ್ನು ಆರಿಸಬೇಡಿ, ಸಾಧಾರಣವಾದದ್ದನ್ನೇ ಕಳಿಸಿ ಎಂದು ಕೇಳಿಕೊಂಡಿದ್ದರು. ಆದರೆ ದೊರೆಗಳ ಊರಿಗೆ ಹೋಗುವ ಪೆಟ್ಟಿಗೆಯಲ್ಲಿ ಸಾಧಾರಣವಾದದ್ದನ್ನು ಇಡಲು ನಮ್ಮ ಜನರಿಗೆ ಹೇಗೆ ಮನಸ್ಸು ಬಂದೀತು? ಬೀಗರ ಮನೆಗೆ ಕೊಳೆತ ಮಾವಿನಹಣ್ಣು ಕಳಿಸಿದ ಹಾಗಾಗುತ್ತದೆ. ಗುಡ್ಡವನ್ನೆಲ್ಲ ಜಾಲಾಡಿ, ಹೊಳೆಯುವ ಗಟ್ಟಿಗಳನ್ನು ಆರಿಸಿ, ತೊಳೆದು, ಒರೆಸಿ ಕಳಿಸಿದ್ದರು. ಲಂಡನ್ ಹೊಗಳಿದ್ದು ಗುಡ್ಡವನ್ನಲ್ಲ, ಆರಿಸಿದವರ ಕೈಗಳನ್ನು.

ನನಗೆ ಹೆದರಿಕೆಯಾಯಿತು. ಗುಡ್ಡಕ್ಕಾಗಿ ಅಲ್ಲ, ಇವನಿಗಾಗಿ. "ನೋಡು ರವಿ, ನಾವು ನೋಡಿಯೇ ಇಲ್ಲ ಅಂತ ಇದ್ದುಬಿಡುವ. ಮೊದಲು ಮಗು ಹುಟ್ಟಲಿ" ಎಂದೆ.

"ಮ್ಯಾಪಲ್ಲಿ ನೋಡ್ದೆ ಆಂಟಿ. ಗುಡ್ಡದ ಬುಡದಲ್ಲೇ ಊರಿದೆ. ಶಾಲೆ ಇದೆ. ಏನೂ ಸಿಗದೇ ಇರೋ ಗುಡ್ಡಕ್ಕೋಸ್ಕರ ಅದನ್ನೆಲ್ಲ ಎತ್ತಿಸಿಬಿಡ್ತಾರೆ."

ಮಧ್ಯಾಹ್ನವೇ ವಿಡಿಯೋದಲ್ಲಿ ಗ್ರೆಗ್‌ಗೆ ಹೇಳಿದೆವು. ಅವನು ತಲೆ ಕೆರೆದುಕೊಂಡು, ಅದನ್ನು ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿ, ಮೀಟಿಂಗಿನಲ್ಲಿ ಬಾಯಿ ಬಿಡಬೇಡಿ ಎಂದ. ಶುಕ್ರವಾರದ ವರದಿಯಲ್ಲಿ ಗ್ರಾಫೈಟಿನ ಮುಂದೆ ಎಂದಿನಂತೆ ಹಸಿರೇ ಇತ್ತು.

ಎಲ್ ಸೆಗುಂಡೋದ ಆ ಮೀಟಿಂಗ್ ರೂಮು ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದರೆ, ಸದ್ದು ಬಂದಾಗಲೆಲ್ಲ ಲೊರೇನ್ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಳು. ಗ್ರೆಗ್ ಸ್ಲೈಡುಗಳನ್ನು ತೋರಿಸಿ ಮುಗಿಸಿದ. ಆಕೆ ಅವನನ್ನು ಬಿಟ್ಟು ರವಿಯತ್ತ ತಿರುಗಿದಳು. ಅವರಾಡಿದ್ದು ಇಂಗ್ಲಿಷು, ನನಗೆ ನೆನಪಿರುವುದು ಕನ್ನಡದಲ್ಲಿ.

"ಇದನ್ನು ಮಾಡಿದವನು ನೀನಲ್ಲವೇ? ಇದರಲ್ಲಿ ಏನು ಸರಿಯಿಲ್ಲ, ಹೇಳು."

ಒಂದು ವಿಮಾನ ಹೋಯಿತು. ಅದು ಹೋಗುವವರೆಗೂ ರವಿ ಮೇಜು ನೋಡುತ್ತಿದ್ದ. ಗ್ರೆಗ್ ಅವನನ್ನು ನೋಡುತ್ತಿದ್ದ. ನಾನು ಕಿಟಕಿ ನೋಡುತ್ತ, ಇನ್ನೊಂದು ವಿಮಾನ ಬರಬಾರದೇ ಎಂದುಕೊಂಡೆ. ಆಮೇಲೆ ರವಿ 'ಮಾದರಿ' ಎಂದ. ಶುರುಮಾಡಿದವನು ನಿಲ್ಲಿಸಲಿಲ್ಲ, ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಗ್ರೆಗ್‌ನ ಮುಖದಲ್ಲಿ ಆ ಬಣ್ಣ ಹೋಗುವುದನ್ನು ಕಣ್ಣಾರೆ ಕಂಡೆ.

ಲೊರೇನ್‌ಗೆ ಒಂದು ಅರ್ಥವಾಗಲಿಲ್ಲ. "ಸಾಧಾರಣವಾದದ್ದನ್ನು ಕಳಿಸಿ ಎಂದು ಅವರು ಸ್ಪಷ್ಟವಾಗಿ ಕೇಳಿದ್ದರಲ್ಲ. ಮೋಸ ಮಾಡುವ ಉದ್ದೇಶವೇ?"

"ಮೋಸವಲ್ಲ" ಎಂದೆ ನಾನು. "ಮರ್ಯಾದೆ."

ಎಲ್ಲರೂ ನನ್ನತ್ತ ತಿರುಗಿದರು. ವಿಧಿಯಿಲ್ಲದೆ ಚಕ್ಕುಲಿಯ ಎರಡು ಡಬ್ಬಿಗಳ ಕತೆ ಹೇಳಿದೆ. ಒಂದು ಬ್ಯಾಟರಿ ಕಂಪನಿಯ ಮೀಟಿಂಗಿನಲ್ಲಿ ಎಣ್ಣೆ ಕುಡಿದ ಚಕ್ಕುಲಿಯ ಬಗ್ಗೆ ಮಾತಾಡಿದ ಮೊದಲ ವ್ಯಕ್ತಿ ನಾನೇ ಇರಬೇಕು. ಲೊರೇನ್ ಪೆನ್ನು ಕೆಳಗಿಟ್ಟು ಕೇಳಿದಳು. ಗ್ರೆಗ್ ಸಣ್ಣ ದನಿಯಲ್ಲಿ, "ಹಾಗಾದರೆ ನಿಮ್ಮ ಕೈ ಸರಿಯಾಗಿಯೇ ಇದೆ" ಎಂದ.

ಲೊರೇನ್ ನಗಲಿಲ್ಲ. "ನಿಮ್ಮ ಹತ್ತಿರ ಇರುವ ಮಾದರಿಗಳಲ್ಲಿ ಹೀಗೆ ಆರಿಸಿ ಕಳಿಸಿದವು ಎಷ್ಟಿರಬಹುದು?"

"ಹೆಚ್ಚುಕಡಿಮೆ ಎಲ್ಲಾ" ಎಂದ ರವಿ.

ಗುಡ್ಡದ ಮಾತುಕತೆ ನಿಲ್ಲಿಸುತ್ತೇನೆ, ನಿಮ್ಮ ಕಾಂಟ್ರಾಕ್ಟಿನ ಬಗ್ಗೆ ಆಮೇಲೆ ತಿಳಿಸುತ್ತೇನೆ ಎಂದು ಆಕೆ ಎದ್ದು ಹೋದಳು. ಪಾರ್ಕಿಂಗಿನಲ್ಲಿ ಗ್ರೆಗ್ ನಮಗೆ ವಿದಾಯ ಹೇಳದೆ ಕಾರು ಹತ್ತಿದ.

ರವಿ ನನ್ನ ಕಾರಿನಲ್ಲಿ ಬಂದಿದ್ದ. ಸಂಜೆಯ ಟ್ರಾಫಿಕ್ಕು, ಕಾರು ಬಸವನಹುಳದಂತೆ ತೆವಳುತ್ತಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ಅವನ ತಾಯಿಯ ಫೋನು ಬಂತು. ಅಲ್ಲಿ ಬೆಳಗಾಗಿ ಹಾಲು ಕಾಯಿಸುವ ಹೊತ್ತು. ಅವನು ಅದನ್ನು ಸ್ಪೀಕರಿಗೆ ಹಾಕಿದ.

"ಹೇಗಿದೀಯೋ? ಕೆಲಸ ಎಲ್ಲ ಹೇಗಿದೆ?"

"ಚೆನ್ನಾಗಿದೆ ಅಮ್ಮ" ಎಂದ. ನಾನು ಅವನತ್ತ ನೋಡಿದೆ. ನನ್ನ ಮುಖದಲ್ಲಿ ಏನು ಕಂಡನೋ, "ಇಲ್ಲಮ್ಮ, ಚೆನ್ನಾಗಿಲ್ಲ" ಎಂದು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಕೆಲಸ ಹೋಗಬಹುದು, ಮನೆ ಖಾಲಿ ಮಾಡಬೇಕಾಗಬಹುದು, ನೀನು ಬರುವುದೂ ಗೊತ್ತಿಲ್ಲ ಎಂದ. ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು.

"ಸರಿ ಬಿಡು" ಎಂದರು ಆಕೆ. "ನಾನಂತೂ ಬರ್ತೀನಿ. ಮಗು ಏನು ನಿನ್ನ ಕಂಪನಿ ಕೇಳ್ಕೊಂಡು ಹುಟ್ಟುತ್ತಾ? ಕೆಲಸ ಇಲ್ದಿದ್ರೆ ನೀನು ಮನೇಲೇ ಇರ್ತೀಯ, ನೀರು ಕಾಯಿಸಕ್ಕೆ ನಂಗೊಂದು ಆಳು ಸಿಕ್ಕಿದಂಗಾಯ್ತು."

ರವಿ ಅತ್ತ. ನಗುತ್ತಲೇ ಅತ್ತ. ನಾನು ರಸ್ತೆಯನ್ನೇ ನೋಡಿದೆ, ಕಾರು ಓಡಿಸುವವರು ಅಳಬಾರದು.

ಆಮೇಲಿನ ದಿನಗಳು ನನ್ನ ಕೆಲಸದ ವರ್ಷಗಳಲ್ಲೇ ಅತ್ಯಂತ ಉದ್ದನೆಯವು. ಪಕ್ಕದ ಡೇಕೇರಿನ ನಾಯಿಗಳು ಕೂಡ ಬೊಗಳುವುದು ಕಡಿಮೆ ಮಾಡಿದ್ದವು ಎನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಗ್ರೆಗ್ ಪೊವೇಗೆ ಬಂದಿಳಿದ. ಒಳ್ಳೆಯ ಸುದ್ದಿಯಾದರೆ ಅವನು ಈಮೇಲ್ ಕಳಿಸುತ್ತಾನೆ. ಯಾರನ್ನಾದರೂ ತೆಗೆಯುವುದಿದ್ದರೆ ಮಾತ್ರ ಖುದ್ದಾಗಿ ಆಫೀಸಿಗೆ ಬರುತ್ತಾನೆ. ಅವನು ಬಾಗಿಲಲ್ಲಿ ಕಂಡದ್ದೇ ರವಿ ಮೇಜಿನ ಮೇಲಿದ್ದ ಕಾಫಿ ಕಪ್ಪನ್ನು ಬ್ಯಾಗಿಗೆ ಹಾಕಿಕೊಂಡ.

ಗ್ರೆಗ್ ಕುರ್ಚಿ ಎಳೆದುಕೊಂಡು ಕೂತ. "ಲೊರೇನ್ ಕಾಂಟ್ರಾಕ್ಟ್ ಮುಂದುವರಿಸಿದ್ದಾಳೆ" ಎಂದ. "ಆಕೆಗೆ ಇನ್ನು ಮೇಲೆ ಲಂಡನ್ ಹೊಗಳಿದ ಮಾದರಿಗಳು ಬೇಡವಂತೆ. ಬೈದದ್ದು ಬೇಕಂತೆ. ಮಣ್ಣು, ಬೇರು, ಕಸ ಎಲ್ಲ ಸೇರಿಸಿ ಕಳಿಸಿ ಬೈಸಿಕೊಂಡವರು ಎಲ್ಲೆಲ್ಲಿದ್ದಾರೋ ಹುಡುಕಿ ಕೊಡಬೇಕಂತೆ. ಅಷ್ಟೆಲ್ಲ ಕಸದ ನಡುವೆಯೂ ಏನಾದರೂ ಸಿಕ್ಕಿದ್ದರೆ ಅದು ನಿಜವಾಗಿ ಇದೆ ಎಂದರ್ಥ." ಇಷ್ಟು ಹೇಳಿ ರವಿಯ ಬ್ಯಾಗಿನತ್ತ ನೋಡಿದ. "ಒಂದು ಷರತ್ತು ಹಾಕಿದ್ದಾಳೆ. ಕೆಟ್ಟ ಸುದ್ದಿ ಹೇಳಿದವನೇ ಈ ಕೆಲಸ ಮಾಡಬೇಕು. ಒಳ್ಳೆಯ ಸುದ್ದಿ ತರುವವರು ಆಕೆಗೆ ಬೇಕಾದಷ್ಟಿದ್ದಾರಂತೆ. ಹಾಗೆಂದಾಗ ನನ್ನನ್ನೇ ನೋಡುತ್ತಿದ್ದಳು." ಅವನು ಖುದ್ದಾಗಿ ಬಂದದ್ದು ಯಾಕೆಂದು ಆಮೇಲೆ ತಿಳಿಯಿತು: ಪಾರ್ಕಿಂಗಿನಲ್ಲಿ ಮಾತಾಡದೆ ಹೋದದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಅದನ್ನು ಈಮೇಲಿನಲ್ಲಿ ಕೇಳಲಾಗುವುದಿಲ್ಲವಲ್ಲ. ಅಂದು ನನಗೆ ಅವನ ಮೇಲೆ ಮೊದಲ ಸಲ ಗೌರವ ಹುಟ್ಟಿತು.

ಲಂಡನ್ನಿನಿಂದ ಬೈಸಿಕೊಂಡವರನ್ನು ಹುಡುಕುವುದರಷ್ಟು ಸುಖವಾದ ಕೆಲಸ ನಾನು ಬೇರೆ ಮಾಡಿಲ್ಲ. ಅವರಲ್ಲಿ ಶಿರೋಮಣಿ ಎಂದರೆ ಆಫ್ರಿಕದ ಕಡೆಯ ಒಬ್ಬ ಅಧಿಕಾರಿ. ಅವನು ಕಳಿಸಿದ ಚೀಲದಲ್ಲಿ ಅರ್ಧ ಮಣ್ಣು, ಒಂದಿಷ್ಟು ಹುಲ್ಲು, ಒಂದು ಸತ್ತ ಹಲ್ಲಿ. ಲಂಡನ್ ಕಟುವಾಗಿ ಬರೆದಾಗ ಮುಂದಿನ ವರ್ಷ ಇನ್ನೂ ದೊಡ್ಡ ಚೀಲದಲ್ಲಿ ಅದೇ ಮಣ್ಣನ್ನು ತುಂಬಿ ಕಳಿಸಿದ. ಇಡೀ ಸಾಮ್ರಾಜ್ಯದ ಅಷ್ಟು ಮಂದಿ ಶಿಸ್ತಿನ ಅಧಿಕಾರಿಗಳಲ್ಲಿ ಇವತ್ತು ಕಣ್ಣುಮುಚ್ಚಿ ನಂಬಬಹುದಾದವನು ಆ ಸೋಮಾರಿ ಒಬ್ಬನೇ. ಹೊಸಬರು ಇದರಿಂದ ತಪ್ಪು ಪಾಠ ಕಲಿಯಬಾರದೆಂದು ವಿನಂತಿ.

ಗ್ರೆಗ್ ಬಂದುಹೋದ ಆ ದಿನವೇ ರವಿ ತಾಯಿಗೆ ಫೋನ್ ಮಾಡಿ, ಕೆಲಸ ಉಳಿಯಿತು ಎಂದ. ಆಕೆ ನಂಬಲಿಲ್ಲ.

"ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ತಿದೀಯ ನೀನು. ಆ ಆಂಟಿ ಇದಾರಾ ಅಲ್ಲಿ? ಅವ್ರಿಗೆ ಕೊಡು."

ರವಿ ಫೋನನ್ನು ನನ್ನ ಕೈಗಿಟ್ಟು ಹೆಂಡತಿಗೆ ಮೆಸೇಜ್ ಮಾಡಲು ಆಚೆ ಹೋದ.

"ನಿಜ ಹೇಳ್ರಿ, ಕೆಲಸ ಉಳೀತಾ?"

"ಉಳಿದಿದೆ. ಸತ್ಯವಾಗಿ. ನಿಮ್ಮ ಮಗ ಆ ದಿನ ನಿಜ ಹೇಳಿದ್ದಕ್ಕೇ ಉಳಿದದ್ದು" ಎಂದೆ.

ಆಕೆ ದೊಡ್ಡ ಉಸಿರು ಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಅವನು ಅಷ್ಟು ನಿಜ ಹೇಳಿದ ಮೇಲೆ ನಂಗೂ ಮನಸ್ಸು ತಡೀತಿಲ್ಲ. ನಿಮ್ಗೊಂದು ಹೇಳ್ತೀನಿ, ಅವನಿಗೆ ಗೊತ್ತಾಗ್ಬಾರ್ದು. ಪ್ರತಿ ವರ್ಷ ಅವನಿಗೆ ಮಿಡಿ ಉಪ್ಪಿನಕಾಯಿ ಕಳಿಸ್ತೀನಲ್ಲ, ನಾನು ಹಾಕಿದ್ದು ಅಂತ? ಕೈಲಾಗಲ್ಲ ರೀ ಈಗ. ಅಂಗಡಿದು. ನನ್ನ ಭರಣಿಗೆ ಹಾಕಿ ಕಳಿಸ್ತೀನಿ, ಅಷ್ಟೇ" ಎಂದರು.

ಆಕೆ ಬಂದರು, ಹೆರಿಗೆಯಾಯಿತು, ಹೆಣ್ಣುಮಗು. ನಾನು ಮಗು ನೋಡಲು ಹೋದ ದಿನ ರವಿ ಅಡುಗೆಮನೆಯಿಂದ ಒಂದು ಸಣ್ಣ ಬಾಟಲಿ ತಂದು ನನ್ನ ಕೈಗಿಟ್ಟ.

"ಅಮ್ಮ ಹಾಕಿರೋ ಉಪ್ಪಿನಕಾಯಿ ಆಂಟಿ. ನೀವು ಟೇಸ್ಟ್ ಮಾಡ್ಲೇಬೇಕು. ಇಂಥದ್ದು ಯಾವ ಅಂಗಡೀಲೂ ಸಿಗಲ್ಲ."

ಅವನ ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದ ತಾಯಿ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಮಿಡಿಯನ್ನು ಬಾಯಿಗಿಟ್ಟುಕೊಂಡೆ. "ಹೌದು ಮಾರಾಯ" ಎಂದೆ, "ಎಲ್ಲಿಯೂ ಸಿಗುವುದಿಲ್ಲ."